ಟಾಹೋ ದಡದ ಶುಗರ್ ಪೈನ್ ಪಾಯಿಂಟಿನಲ್ಲಿ ಕ್ಯಾಂಪಿಂಗ್: ಯಾವುದು ಮೊದಲು, ಯಾವುದು ಆಮೇಲೆ

ಬೇಸಿಗೆ ಶುರುವಾದರೆ ಸಾಕು, ಗೆಳೆಯರ ಫೋನು ಒಂದೇ ಧಾಟಿಯಲ್ಲಿ ಬರುತ್ತವೆ. "ಟಾಹೋಗೆ ಹೋಗಿದ್ವಿ ಮಾರಾಯ್ರೆ, ರಾತ್ರಿಯಿಡೀ ಗಡಗಡ ನಡುಗಿದ್ವಿ, ಅನ್ನ ಬೇಯ್ಲಿಲ್ಲ, ಎರಡನೇ ರಾತ್ರಿ ಬಿಟ್ಟು ವಾಪಸ್ ಬಂದ್ಬಿಟ್ವಿ." ಸಾಮಾನು ಸಾಲದೆ ಕೆಟ್ಟವರು ಕಡಿಮೆ, ಸ್ಯಾನ್ ಫ್ರಾನ್ಸಿಸ್ಕೋ ಸುತ್ತಿನ ಬೇ ಏರಿಯಾದ ನಮ್ಮ ಮನೆಗಳ ಗರಾಜಿನಲ್ಲಿ ಎರಡೆರಡು ಟೆಂಟ್ ಬಿದ್ದಿರುತ್ತವೆ. ಕೆಡುವುದು ಸರದಿ. ಮೊದಲು ಮಾಡಬೇಕಾದ್ದನ್ನು ಕೊನೆಗೆ ಮಾಡುತ್ತೇವೆ, ಕೊನೆಗೆ ಯೋಚಿಸಬೇಕಾದ ಊಟದ ಪಟ್ಟಿಯನ್ನು ಮೊದಲು ಹಿಡಿದು ಕೂರುತ್ತೇವೆ.

ಇಲ್ಲಿ ಹೇಳಿರುವುದು ಕ್ಯಾಲಿಫೋರ್ನಿಯಾದಲ್ಲಿ ಟಾಹೋ ಸರೋವರದ ಪಶ್ಚಿಮ ದಡದಲ್ಲಿರುವ ಶುಗರ್ ಪೈನ್ ಪಾಯಿಂಟ್ ಸ್ಟೇಟ್ ಪಾರ್ಕಿನ ಬಗ್ಗೆ. ಟಾಹೋ ಸಿಟಿಯಿಂದ ಹೈವೇ 89ರಲ್ಲಿ ದಕ್ಷಿಣಕ್ಕೆ ಸುಮಾರು 10 ಮೈಲಿ ಹೋದರೆ ಸಿಗುತ್ತದೆ. ಅದೇ ದಡದಲ್ಲಿ ಮುಂದೆ ಸಿಗುವ ಡಿ.ಎಲ್. ಬ್ಲಿಸ್ ಮತ್ತು ಎಮರಾಲ್ಡ್ ಬೇ ಪಾರ್ಕುಗಳಿಗೂ ಬಹುಪಾಲು ಇದೇ ಕ್ರಮ ಹೊಂದುತ್ತದೆ.

## ಹಂತ 1: ತಾರೀಖು ಮೊದಲು, ಸೈಟು ಆಮೇಲೆ

ಕ್ಯಾಲಿಫೋರ್ನಿಯಾ ಸ್ಟೇಟ್ ಪಾರ್ಕುಗಳ ಬುಕಿಂಗ್ ನಡೆಯುವುದು ರಿಸರ್ವ್ ಕ್ಯಾಲಿಫೋರ್ನಿಯಾ ಎಂಬ ವೆಬ್‌ಸೈಟಿನಲ್ಲಿ. ನೀವು ಅಲ್ಲಿಗೆ ತಲುಪುವ ದಿನಕ್ಕೆ ಸರಿಯಾಗಿ 6 ತಿಂಗಳ ಹಿಂದೆ, ಬೆಳಿಗ್ಗೆ 8 ಗಂಟೆಗೆ ಆ ತಾರೀಖು ತೆರೆಯುತ್ತದೆ. ಜುಲೈ 17ಕ್ಕೆ ಹೋಗಬೇಕೆಂದರೆ ಜನವರಿ 17ರ ಬೆಳಿಗ್ಗೆ. ಏಪ್ರಿಲ್‌ನಲ್ಲಿ ಮಕ್ಕಳ ರಜೆ ನೋಡಿಕೊಂಡು ಕೂತರೆ ಜುಲೈ ಶನಿವಾರಗಳೆಲ್ಲ ಭರ್ತಿಯಾಗಿರುತ್ತವೆ. ಹಿಂದಿನ ದಿನವೇ ಅಕೌಂಟ್ ತೆರೆದು, ಕಾರ್ಡ್ ವಿವರ ತುಂಬಿ, ಐದಾರು ಸೈಟುಗಳ (ಟೆಂಟ್ ಹಾಕುವ ಜಾಗಗಳ) ನಂಬರ್ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. 8 ಗಂಟೆಗೆ ಲಾಗಿನ್ ಪಾಸ್‌ವರ್ಡ್ ಹುಡುಕುವವರಿಗೆ ಸೈಟು ಸಿಗುವುದಿಲ್ಲ.

ಸಿಗಲಿಲ್ಲವೆಂದು ಕೈಬಿಡಬೇಡಿ. ಪ್ರವಾಸ ಹತ್ತಿರವಾದಂತೆ ರದ್ದು ಮಾಡುವವರಿರುತ್ತಾರೆ. ದಿನಕ್ಕೊಮ್ಮೆ ನೋಡುತ್ತಿರಿ, ಭಾನುವಾರದಿಂದ ಗುರುವಾರದವರೆಗಿನ ರಾತ್ರಿಗಳನ್ನು ಹುಡುಕಿ. ನನ್ನ ಮಟ್ಟಿಗೆ ಹೇಳುವುದಾದರೆ ಲೇಬರ್ ಡೇ (ಸೆಪ್ಟೆಂಬರಿನ ಮೊದಲ ಸೋಮವಾರ) ಕಳೆದ ಮೊದಲ ವಾರವೇ ಸೊಗಸು: ಸೊಳ್ಳೆ ಇಲ್ಲ, ಜನ ಇಲ್ಲ, ಸರೋವರದ ನೀರು ಆ ವರ್ಷಕ್ಕೆ ಎಷ್ಟು ಬೆಚ್ಚಗಾಗಬೇಕೋ ಅಷ್ಟಾಗಿರುತ್ತದೆ. ಜೂನ್ ಮೊದಲ ಭಾಗದಲ್ಲಿ ಹಿಮ ಕರಗಿದ ನೀರು ತೊರೆಯ ಅಕ್ಕಪಕ್ಕ ನಿಂತು ಸೊಳ್ಳೆ ಕಾಟ ಜಾಸ್ತಿ. ಎಷ್ಟು ಹಿಮ ಎನ್ನುತ್ತೀರಾ? 1960ರ ಚಳಿಗಾಲದ ಒಲಿಂಪಿಕ್ಸಿನ ಕ್ರಾಸ್ ಕಂಟ್ರಿ ಸ್ಕೀ ಓಟಗಳು ನಡೆದದ್ದು ಈ ಪಾರ್ಕಿನ ಸುತ್ತಮುತ್ತಲೇ.

ಸೈಟು ಆರಿಸುವಾಗ ಮೂರು ವಿಷಯ ನೋಡಿ. ಒಂದು, ಶೌಚಾಲಯ. ಊರಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರೆ ಎರಡು ಮೂರು ಸೈಟು ಆಚೆಗೆ ಇರಲಿ. ಎದುರಿಗೇ ಬೇಡ, ರಾತ್ರಿಯಿಡೀ ಬಾಗಿಲ ಸದ್ದು, ಬೆಳಕು. ಎರಡು, ಹೈವೇ ಕಡೆಯ ಸೈಟು ಬೇಡ. ಮೂರು, ತಲೆ ಲೆಕ್ಕ. ಒಂದು ಸೈಟಿಗೆ 8 ಜನ ಮಾತ್ರ, ಕೂಸೂ ಲೆಕ್ಕಕ್ಕೆ ಸೇರುತ್ತದೆ. "ನಾಲ್ಕು ಕುಟುಂಬ, ಒಂದು ಸೈಟು, ಹೆಂಗಾದ್ರೂ ಹೊಂದ್ಕೊಳ್ಳೋಣ" ಅನ್ನುವುದು ಇಲ್ಲಿ ನಡೆಯುವುದಿಲ್ಲ. ದೊಡ್ಡ ಗುಂಪಿಗೆ ಬೇರೆ ಗುಂಪು ಸೈಟುಗಳಿವೆ.

ಇನ್ನೊಂದು ನಿರಾಸೆಯನ್ನು ಈಗಲೇ ಮುಗಿಸಿಬಿಡುತ್ತೇನೆ. ಟೆಂಟಿನ ಬಾಗಿಲು ತೆರೆದರೆ ನೀರು ಕಾಣುವುದಿಲ್ಲ. ಜನರಲ್ ಕ್ರೀಕ್ ಕ್ಯಾಂಪ್‌ಗ್ರೌಂಡ್ ಇರುವುದು ಹೈವೇಯ ಪಶ್ಚಿಮಕ್ಕೆ, ಪೈನ್ ಕಾಡಿನೊಳಗೆ. ಸರೋವರ ಹೈವೇಯ ಪೂರ್ವಕ್ಕೆ. ನೀರಿಗೆ ಹೋಗಲು ರಸ್ತೆ ದಾಟಿ ನಡೆಯಬೇಕು. ಕಯಾಕ್, ಛತ್ರಿ, ಮಕ್ಕಳು ಎಲ್ಲವನ್ನೂ ಹೊತ್ತು ದಿನಕ್ಕೆ ಮೂರು ಸಲ ಓಡಾಡುವ ಯೋಜನೆ ಹಾಕಬೇಡಿ. ನೀರಿನ ಕೆಲಸವೆಲ್ಲ ಒಂದೇ ಹೊತ್ತಿಗೆ ಇರಲಿ.

## ಹಂತ 2: ಹಾಸಿಗೆ ಸಿದ್ಧವಾಗದೆ ಊಟದ ಪಟ್ಟಿ ಬೇಡ

ಟಾಹೋದ ನೀರಿನ ಮಟ್ಟವೇ ಸಮುದ್ರಮಟ್ಟದಿಂದ ಸುಮಾರು 1,900 ಮೀಟರ್ ಎತ್ತರದಲ್ಲಿದೆ. ಅಂದರೆ ಹತ್ತಿರ ಹತ್ತಿರ ಮುಳ್ಳಯ್ಯನಗಿರಿಯ ತುದಿಯಲ್ಲಿ ಮಲಗಿದ ಹಾಗೆ. ಹಗಲು ಟೀ ಶರ್ಟ್ ಹಾಕಿಕೊಂಡು ಬೆವರುತ್ತೀರಿ. ಜುಲೈ ಆಗಸ್ಟಿನಲ್ಲೂ ರಾತ್ರಿ 5 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದುಂಟು. ಸೆಪ್ಟೆಂಬರಿನಲ್ಲಿ ಇನ್ನೂ ಕೆಳಗೆ.

ಎಲ್ಲರೂ ಮಾಡುವ ತಪ್ಪು ಒಂದೇ: ಮೇಲಿನ ಹೊದಿಕೆಗೆ ದುಡ್ಡು ಸುರಿದು ಕೆಳಗಿನದನ್ನು ಮರೆಯುವುದು. ನೆಂಟರು ಬಂದಾಗ ಹಾಲ್‌ನಲ್ಲಿ ಹಾಸುವ ದಪ್ಪನೆಯ ಗಾಳಿ ಹಾಸಿಗೆ ಇದೆಯಲ್ಲ, ಅದು ಇಲ್ಲಿ ಶತ್ರು. ಒಳಗಿನ ಗಾಳಿ ನೆಲದ ಥಂಡಿಗೆ ತಣ್ಣಗಾಗುತ್ತಾ ಇರುತ್ತದೆ, ನಿಮ್ಮ ಮೈ ಅದನ್ನು ಬಿಸಿ ಮಾಡುತ್ತಾ ಇರುತ್ತದೆ. ಬೆಳಗಿನ ಮೂರು ಗಂಟೆಗೆ ಸೋಲುವುದು ನೀವೇ. ಸ್ಲೀಪಿಂಗ್ ಬ್ಯಾಗಿನ ಕೆಳಭಾಗ ನಿಮ್ಮ ಭಾರಕ್ಕೆ ಅದುಮಿ ಹೋಗಿರುವುದರಿಂದ ಅದೂ ತಡೆಯುವುದಿಲ್ಲ. ಆರ್ ಮೌಲ್ಯ (ಥಂಡಿ ತಡೆಯುವ ಶಕ್ತಿಯ ಅಳತೆ) 4 ಅಥವಾ ಅದಕ್ಕೂ ಹೆಚ್ಚಿರುವ ಸ್ಲೀಪಿಂಗ್ ಪ್ಯಾಡ್ ತನ್ನಿ. ಗಾಳಿ ಹಾಸಿಗೆಯೇ ಗತಿ ಎಂದಾದರೆ ಅದರ ಮೇಲೆ, ನಿಮ್ಮ ಕೆಳಗೆ, ಒಂದು ದಪ್ಪ ಉಣ್ಣೆ ಕಂಬಳಿ ಹಾಸಿ. ನಮ್ಮ ಮಾವ ಊರಿಂದ ತಂದುಕೊಟ್ಟ ಕರಿ ಕಂಬಳಿ ಈ ಕೆಲಸಕ್ಕೆ ಯಾವ ದುಬಾರಿ ಸಾಮಾನಿಗೂ ಕಡಿಮೆಯಿಲ್ಲ, ಚುಚ್ಚುತ್ತದೆ ಅನ್ನುವುದೊಂದು ಬಿಟ್ಟರೆ.

ಸ್ಲೀಪಿಂಗ್ ಬ್ಯಾಗಿನ ಮೇಲಿನ ಅಂಕಿ ನಂಬಬೇಡಿ. ಅಲ್ಲಿ ದೊಡ್ಡದಾಗಿ ಬರೆದಿರುವುದು ಎಷ್ಟೋ ಸಲ ತಡೆದುಕೊಳ್ಳಬಹುದಾದ ಮಿತಿ, ಸುಖವಾಗಿ ನಿದ್ದೆ ಮಾಡುವ ಮಟ್ಟವಲ್ಲ. 20 ಡಿಗ್ರಿ ಫ್ಯಾರನ್‌ಹೀಟಿನದು (ಸುಮಾರು ಮೈನಸ್ 7 ಸೆಲ್ಸಿಯಸ್) ತಂದರೆ ಬೇಸಿಗೆಗೆ ನೆಮ್ಮದಿ. ಮಲಗುವಾಗ ಹಗಲಿನ ಬೆವರಿನ ಬಟ್ಟೆ, ಕಾಲುಚೀಲ ಪೂರ್ತಿ ಬದಲಾಯಿಸಿ. ಮಂಕಿ ಕ್ಯಾಪ್ ನೋಡಿ ಮಕ್ಕಳು ನಗುತ್ತಾರೆ, ನಗಲಿ.

ಹೊರಡುವ ಹಿಂದಿನ ವಾರ ಹಿತ್ತಿಲಲ್ಲೋ ಪಾರ್ಕಿನಲ್ಲೋ ಟೆಂಟ್ ಒಮ್ಮೆ ಹಾಕಿ ನೋಡಿ. ಕಡ್ಡಿ ಎಷ್ಟಿವೆ, ಗೂಟ ಎಷ್ಟಿವೆ ಎಣಿಸಿ. ಟಾಹೋದ ನೆಲ ಕಲ್ಲುಮಿಶ್ರಿತ. ಟೆಂಟಿನ ಜೊತೆ ಬರುವ ತೆಳು ಅಲ್ಯೂಮಿನಿಯಂ ಗೂಟ ಬಾಗಿಹೋಗುತ್ತದೆ. ಉಕ್ಕಿನ ಗೂಟ, ಒಂದು ಸುತ್ತಿಗೆ, ತಲೆಗೊಂದರಂತೆ ಹೆಡ್‌ಲ್ಯಾಂಪ್ ಇರಲಿ. ಮೊಬೈಲ್ ಟಾರ್ಚ್ ಹಿಡಿದು ಒಂದೇ ಕೈಯಲ್ಲಿ ಗೂಟ ಹೊಡೆಯಲಾಗುವುದಿಲ್ಲ.

## ಹಂತ 3: ಬೆಳಕಿರುವಾಗ ತಲುಪಿ

ಶುಕ್ರವಾರ ಆಫೀಸ್ ಮುಗಿಸಿ 4 ಗಂಟೆಗೆ ಹೊರಟರೆ ಇಂಟರ್‌ಸ್ಟೇಟ್ 80ರಲ್ಲಿ ಸ್ಯಾಕ್ರಮೆಂಟೋ ದಾಟಿ ಪಾರ್ಕು ತಲುಪುವಷ್ಟರಲ್ಲಿ ಹೊತ್ತು ಮುಳುಗಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದಿಂದ ಸುಮಾರು 200 ಮೈಲಿ. ರಸ್ತೆ ಖಾಲಿಯಿದ್ದರೂ ಮೂರೂವರೆ ನಾಲ್ಕು ಗಂಟೆ. ಚೆಕ್ ಇನ್ ಮಧ್ಯಾಹ್ನ 2ಕ್ಕೆ. ಬೆಳಿಗ್ಗೆ 9ಕ್ಕೆ ಮನೆ ಬಿಡಿ, ಒಂದು ದಿನದ ರಜೆ ಹಾಕಿಯಾದರೂ ಸರಿ. ಜುಲೈಯಲ್ಲಿ ರಾತ್ರಿ ಎಂಟೂಕಾಲರ ಮೇಲೆ ಸೂರ್ಯ ಮುಳುಗುತ್ತಾನೆ, ಆದರೆ ಪಶ್ಚಿಮಕ್ಕೆ ಬೆಟ್ಟ, ಸುತ್ತ ಎತ್ತರದ ಮರ. ಕ್ಯಾಂಪ್‌ಗ್ರೌಂಡಿಗೆ ಕತ್ತಲು ಅದಕ್ಕೂ ಮೊದಲೇ ಇಳಿಯುತ್ತದೆ.

ದಾರಿಯಲ್ಲಿ ಸಿಗುವ ಟ್ರಕೀ ಊರಿನಲ್ಲಿ ನಿಂತು ಪೆಟ್ರೋಲ್ ಪೂರ್ತಿ ತುಂಬಿಸಿ, ಹಾಲು ಮೊಸರು ಕೊಳ್ಳಿ, ಮ್ಯಾಪ್ ಡೌನ್‌ಲೋಡ್ ಮಾಡಿಕೊಳ್ಳಿ. ಮುಂದೆ ಸಿಗ್ನಲ್ ನಂಬುವ ಹಾಗಿಲ್ಲ. ಸೌದೆಯನ್ನು ಮಾತ್ರ ಮನೆಯಿಂದ ತರಬೇಡಿ. ಹಿತ್ತಿಲ ಮರದ ಕಟ್ಟಿಗೆಯ ಜೊತೆ ತೊಗಟೆ ಹುಳುಗಳೂ ಪ್ರಯಾಣ ಮಾಡುತ್ತವೆ, ಒಂದು ಕಾಡಿನ ರೋಗ ಇನ್ನೊಂದಕ್ಕೆ ಹೋಗುತ್ತದೆ. ಉರಿಸುವ ಜಾಗದ ಹತ್ತಿರವೇ ಕೊಳ್ಳಿ. ಪಾರ್ಕಿನಲ್ಲಿ ಬಿದ್ದ ಕಡ್ಡಿ ಆರಿಸುವುದೂ ನಿಷೇಧ.

## ಹಂತ 4: ಟೆಂಟಿಗಿಂತ ಮೊದಲು ಕರಡಿ ಪೆಟ್ಟಿಗೆ

ಕಾರು ನಿಂತ ಕೂಡಲೇ ಎಲ್ಲರ ಕೈ ಟೆಂಟಿನ ಚೀಲಕ್ಕೆ ಹೋಗುತ್ತದೆ. ತಡೆಯಿರಿ. ಸೈಟಿನಲ್ಲಿ ಕಂದು ಬಣ್ಣದ ಒಂದು ಉಕ್ಕಿನ ಪೆಟ್ಟಿಗೆ ಇರುತ್ತದೆ. ತಿನ್ನುವ ಸಾಮಾನೆಲ್ಲ ಮೊದಲು ಅದರೊಳಗೆ ಹೋಗಲಿ, ಆಮೇಲೆ ಟೆಂಟ್. ಟೆಂಟ್ ಹಾಕುತ್ತಾ ಎಲ್ಲರೂ ಬೆನ್ನು ತಿರುಗಿಸಿದ್ದಾಗಲೇ ಮೇಜಿನ ಮೇಲಿನ ಚಪಾತಿ ಡಬ್ಬಿಗೆ ಅತಿಥಿ ಬರುವುದು, ಅದೂ ಹಾಡಹಗಲೇ.

ಟಾಹೋದಲ್ಲಿರುವುದು ಕಪ್ಪು ಕರಡಿ ಜಾತಿ. ಹೆಸರು ಕಪ್ಪು, ಮೈಬಣ್ಣ ಕಂದು ಇರುವುದೇ ಹೆಚ್ಚು. ಕಂದು ಕಂಡು ಗ್ರಿಜ್ಲಿ ಎಂಬ ದೊಡ್ಡ ಕರಡಿ ಎಂದು ಗಾಬರಿಯಾಗಬೇಡಿ, ಕ್ಯಾಲಿಫೋರ್ನಿಯಾದಲ್ಲಿ ಗ್ರಿಜ್ಲಿ ಉಳಿದಿಲ್ಲ. ಇವು ಮನುಷ್ಯರ ಊಟದ ರುಚಿ ಕಂಡವು, ಕಾರಿನ ಬಾಗಿಲ ಹಿಡಿ ಎಳೆದು ತೆರೆಯಬಲ್ಲವು. "ಕಾರ್ ಲಾಕ್ ಮಾಡಿದ್ದೀನಿ" ಅನ್ನುವುದು ಉತ್ತರವಲ್ಲ.

ನಮ್ಮ ಮನೆಯವರು ಪೆಟ್ಟಿಗೆಗೆ ಹಾಕಲು ಮರೆಯುವುದು ಅನ್ನ ಸಾರು ಅಲ್ಲ, ವಾಸನೆಯ ಸಾಮಾನುಗಳು: ಕೊಬ್ಬರಿ ಎಣ್ಣೆ, ಟೂತ್‌ಪೇಸ್ಟ್, ಊದಿನಕಡ್ಡಿ, ಸನ್‌ಸ್ಕ್ರೀನ್, ಮಗುವಿನ ಬಳಸಿದ ಡೈಪರ್, ಖಾಲಿಯಾದ ಉಪ್ಪಿನಕಾಯಿ ಬಾಟ್ಲಿ. ಒಮ್ಮೆ ನಾವು ಎಲ್ಲ ಒಳಗಿಟ್ಟೆವೆಂದು ನೆಮ್ಮದಿಯಾಗಿ ಮಲಗಿದ್ದೆವು. ಬೆಳಿಗ್ಗೆ ನೋಡಿದರೆ ಕಾರಿನ ಹಿಂದಿನ ಕಿಟಕಿಯ ಧೂಳಿನ ಮೇಲೆ ಐದು ಬೆರಳಿನ ದೊಡ್ಡ ಗುರುತು, ಅದರ ಕೆಳಗೆ ಎಂಜಲು ಎಳೆದ ಗೆರೆ. ಒಳಗೆ ಏನೂ ಇಲ್ಲವಲ್ಲ ಎಂದು ಹುಡುಕಿದರೆ, ಮಗಳ ಸೀಟಿನ ಸಂದಿಯಲ್ಲಿ ಅರ್ಧ ಚಕ್ಕುಲಿ. ಬಾಗಿಲು ಉಳಿದದ್ದು ಅದೃಷ್ಟ. ಅಂದಿನಿಂದ ಹೊರಡುವ ಹಿಂದಿನ ದಿನ ಮಕ್ಕಳ ಕಾರ್ ಸೀಟ್ ಬಿಚ್ಚಿ ವ್ಯಾಕ್ಯೂಮ್ ಮಾಡುವುದು ನಮ್ಮ ಮನೆಯ ಕಾನೂನು.

ಪೆಟ್ಟಿಗೆಯಲ್ಲಿ ಜಾಗ ಕಡಿಮೆ. ಎರಡು ದೊಡ್ಡ ಕೂಲರ್ ತಂದರೆ ಉಳಿದದ್ದಕ್ಕೆ ಜಾಗವಿಲ್ಲ. ಒಂದು ಕೂಲರ್, ಒಂದು ಒಣ ಸಾಮಾನಿನ ಡಬ್ಬ, ಇಷ್ಟಕ್ಕೆ ಹೊಂದಿಸಿಕೊಳ್ಳಿ. ತೆಗೆದು ಹಾಕಿದ ಪ್ರತಿಸಲ ಚಿಲಕ ಕೂತಿತೇ ಎಂದು ಬಾಗಿಲು ಜಗ್ಗಿ ನೋಡಿ.

ಕರಡಿ ಎದುರಾದರೆ ಓಡಬೇಡಿ, ಮರ ಹತ್ತಬೇಡಿ, ಫೋಟೋಗೆ ಹತ್ತಿರ ಹೋಗಬೇಡಿ. ಮಕ್ಕಳನ್ನು ಹತ್ತಿರ ಎಳೆದುಕೊಂಡು, ಕೈ ಎತ್ತಿ ದೊಡ್ಡದಾಗಿ ಕಾಣಿಸಿಕೊಂಡು, ಜೋರಾಗಿ ಕೂಗಿ, ತಟ್ಟೆ ಬಡಿಯಿರಿ. ಅದು ಹೋಗಲು ದಾರಿ ಬಿಟ್ಟಿರಿ. ಮರಿ ಕಂಡರೆ ತಾಯಿ ಹತ್ತಿರದಲ್ಲೇ ಇದೆ ಎಂದು ತಿಳಿದು ಬಂದ ದಾರಿಯಲ್ಲೇ ಹಿಂದೆ ಸರಿಯಿರಿ.

## ಹಂತ 5: ಅಡುಗೆ, ಅಂದರೆ ಕುಕ್ಕರ್

ಈ ಎತ್ತರದಲ್ಲಿ ನೀರು 100 ಡಿಗ್ರಿಗಲ್ಲ, 94 ಡಿಗ್ರಿ ಸೆಲ್ಸಿಯಸ್ ಸುಮಾರಿಗೇ ಕುದಿಯುತ್ತದೆ. ಕುದಿಯುವುದೇನೋ ಜೋರಾಗಿ ಕಾಣುತ್ತದೆ, ಬೇಯುವುದಿಲ್ಲ. ತೆರೆದ ಪಾತ್ರೆಯಲ್ಲಿ ತೊಗರಿಬೇಳೆ ಇಟ್ಟು ಒಂದೂವರೆ ಗಂಟೆ ಕಾದವರನ್ನು ನಾನು ಕಂಡಿದ್ದೇನೆ. ಬೇಳೆ ಬೇಳೆಯಾಗಿಯೇ ಉಳಿದಿತ್ತು, ಗ್ಯಾಸ್ ಮುಗಿದಿತ್ತು. ಹಾಗಾಗಿ ಬೇರೆ ಏನು ಬಿಟ್ಟರೂ 3 ಲೀಟರಿನ ಪ್ರೆಶರ್ ಕುಕ್ಕರ್ ಬಿಡಬೇಡಿ. ಅಕ್ಕಿ ಅರ್ಧ ಗಂಟೆ ನೆನೆಸಿ, ಮನೆಯಲ್ಲಿ ಕೂಗಿಸುವುದಕ್ಕಿಂತ ಒಂದು ವಿಶಲ್ ಹೆಚ್ಚು ಕೂಗಿಸಿ. ಗ್ಯಾಸ್ಕೆಟ್ ಮತ್ತು ವೆಯಿಟ್ ಒಂದು ಚೀಲದಲ್ಲಿ ಹಾಕಿ ಕುಕ್ಕರಿನೊಳಗೇ ಇಡಿ.

ಸ್ಟೌ ಬಗ್ಗೆ ಎರಡು ಎಚ್ಚರಿಕೆ. ಉದ್ದನೆಯ ಬ್ಯೂಟೇನ್ ಗ್ಯಾಸ್ ಕ್ಯಾನ್ ಕೂರಿಸುವ ಚಪ್ಪಟೆ ಸ್ಟೌ ಹಲವರ ಮನೆಯಲ್ಲಿದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಅನಿಲವಾಗುವುದನ್ನೇ ನಿಲ್ಲಿಸುತ್ತದೆ. ಬೆಳಗಿನ ಕಾಫಿಗೆ ಉರಿ ಮಿಣಮಿಣ ಎನ್ನತೊಡಗಿದರೆ ಸ್ಟೌ ಕೆಟ್ಟಿಲ್ಲ, ಕ್ಯಾನ್ ತಣ್ಣಗಾಗಿದೆ. ಪ್ರೊಪೇನ್ ಸ್ಟೌಗೆ ಈ ತಾಪತ್ರಯವಿಲ್ಲ. ಎರಡನೆಯದು ಅಪಾಯದ್ದು: ಆ ಚಪ್ಪಟೆ ಸ್ಟೌ ಮೇಲೆ ಅಗಲವಾದ ಪಾತ್ರೆ ಅಥವಾ ದೋಸೆ ಹೆಂಚು ಇಟ್ಟರೆ ಕಾವು ಪಕ್ಕದ ಕ್ಯಾನಿಗೆ ತಿರುಗಿ ಅದು ಸಿಡಿಯಬಹುದು. ಪಾತ್ರೆ ಕ್ಯಾನಿನ ಮೇಲೆ ಚಾಚಬಾರದು.

ಉಳಿದ ಅಡುಗೆ ಸರಳವಾಗಿರಲಿ. ಪುಳಿಯೋಗರೆ ಗೊಜ್ಜು, ಅವಲಕ್ಕಿ, ಮನೆಯಲ್ಲೇ ಹುರಿದಿಟ್ಟ ಉಪ್ಪಿಟ್ಟಿನ ರವೆ. ಒಗ್ಗರಣೆ ಆದಷ್ಟೂ ಮನೆಯಲ್ಲೇ ಮುಗಿಸಿಕೊಂಡು ಬನ್ನಿ, ಇಂಗಿನ ಘಮ ಕಾಡಿನಲ್ಲಿ ಬಹಳ ದೂರ ಹೋಗುತ್ತದೆ. ನೀರಿನ ನಲ್ಲಿಯ ಕೆಳಗೆ ಪಾತ್ರೆ ತೊಳೆಯುವುದು ಬೇಡ, ಅಗುಳು ಬಿದ್ದ ಜಾಗಕ್ಕೆ ಪ್ರಾಣಿ ಬರುತ್ತದೆ. ಎರಡು ಬೋಗುಣಿ ಇಟ್ಟುಕೊಂಡು ತೊಳೆದು, ನೀರು ಸೋಸಿ, ಅಗುಳನ್ನು ಕರಡಿ ತೆರೆಯಲಾಗದ ಕಸದ ಡಬ್ಬಿಗೆ ಹಾಕಿ.

## ಹಂತ 6: ಬೆಂಕಿ

ಮೊದಲು ಬೋರ್ಡ್ ಓದಿ. ಒಣ ಬೇಸಿಗೆಯಲ್ಲಿ ಸೌದೆ ಮತ್ತು ಇದ್ದಿಲ ಬೆಂಕಿಗೆ ನಿಷೇಧ ಬರುವುದು ಮಾಮೂಲು. ಸೈಟಿನಲ್ಲಿ ಬೆಂಕಿ ಹಾಕುವ ಕಬ್ಬಿಣದ ಉಂಗುರ ಇದೆಯೆಂದ ಮಾತ್ರಕ್ಕೆ ಹಚ್ಚಬಹುದು ಎಂದಲ್ಲ. ಅನುಮತಿ ಇದ್ದರೆ ಆ ಉಂಗುರದೊಳಗೆ ಮಾತ್ರ, ಸುತ್ತ ಬಿದ್ದ ಪೈನ್ ಸೂಜಿಗಳನ್ನು ಗುಡಿಸಿ, ಬಕೆಟ್ ನೀರು ಪಕ್ಕದಲ್ಲಿಟ್ಟುಕೊಂಡು. ಆರಿಸುವುದು ಮಲಗುವ ಅರ್ಧ ಗಂಟೆ ಮುಂಚೆ: ನೀರು ಹುಯ್ಯಿರಿ, ಕೆದಕಿ, ಮತ್ತೆ ಹುಯ್ಯಿರಿ, ಅಂಗೈಯನ್ನು ಬೂದಿಯ ಮೇಲೆ ಹಿಡಿದು ನೋಡಿ. ಬಿಸಿ ತಾಗಿದರೆ ಆರಿಲ್ಲ.

ಚಳಿಯೆಂದು ಕೆಂಡದ ಗ್ರಿಲ್ ಅಥವಾ ಸ್ಟೌ ಟೆಂಟಿನೊಳಗೆ ತರಲೇಬೇಡಿ. ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯಿಲ್ಲ. ತಲೆನೋವು, ವಾಂತಿ, ಮಂಪರು ಒಟ್ಟಿಗೇ ಇಬ್ಬರು ಮೂವರಿಗೆ ಬಂದರೆ ಎಲ್ಲರನ್ನೂ ಹೊರಗೆಳೆದು 911ಕ್ಕೆ ಕರೆ ಮಾಡಿ.

ಕಾಡ್ಗಿಚ್ಚಿನ ಮಾತೂ ಇಲ್ಲೇ. 2021ರ ಆಗಸ್ಟಿನಲ್ಲಿ ಕಾಲ್ಡೋರ್ ಬೆಂಕಿಗೆ ಸೌತ್ ಲೇಕ್ ಟಾಹೋ ಊರಿಗೆ ಊರೇ ಖಾಲಿಯಾಯಿತು. ಪಶ್ಚಿಮ ದಡಕ್ಕಿರುವುದು ಇಕ್ಕಟ್ಟಾದ ಹೈವೇ 89 ಒಂದೇ. ಕಾರನ್ನು ಮೂತಿ ಹೊರಗೆ ಮಾಡಿ ನಿಲ್ಲಿಸಿ, ಟ್ಯಾಂಕ್ ಅರ್ಧಕ್ಕಿಂತ ಕೆಳಗಿಳಿಯದಿರಲಿ. ಹೊಗೆಯಿಂದ ಎಕ್ಯೂಐ (ಗಾಳಿ ಎಷ್ಟು ಕೆಟ್ಟಿದೆ ಎಂದು ಹೇಳುವ ಅಂಕಿ) 150 ದಾಟಿದರೆ, ಮಕ್ಕಳೋ ಉಬ್ಬಸದವರೋ ಇದ್ದರೆ ಅದಕ್ಕೂ ಮೊದಲೇ, ಗಂಟುಮೂಟೆ ಕಟ್ಟಿ. ಬುಕಿಂಗ್ ದುಡ್ಡಿನ ಮುಖ ನೋಡಬೇಡಿ.

## ಹಂತ 7: ನೀರಿಗೆ ಬೆಳಿಗ್ಗೆಯೇ

ಕಾವೇರಿಯಲ್ಲೋ ಶರಾವತಿಯಲ್ಲೋ ಈಜಿದವರಿಗೇ ಇಲ್ಲಿ ಅಪಾಯ ಹೆಚ್ಚು, ಧೈರ್ಯ ಇರುವುದರಿಂದ. ಆಗಸ್ಟಿನಲ್ಲೂ ಮೇಲ್ಮೈ ನೀರು 20 ಡಿಗ್ರಿ ಸೆಲ್ಸಿಯಸ್ ಆಸುಪಾಸು; ಜೂನ್‌ನಲ್ಲಿ ಅದಕ್ಕಿಂತ ತೀರಾ ತಣ್ಣಗೆ. ತಟ್ಟನೆ ಧುಮುಕಿದರೆ ಉಸಿರು ಎಳೆದುಕೊಳ್ಳುತ್ತದೆ, ಆ ಮೊದಲ ನಿಮಿಷದಲ್ಲಿ ತಲೆ ನೀರೊಳಗಿದ್ದರೆ ಮುಗಿಯಿತು. ಮುಂದಿನ ಹತ್ತು ನಿಮಿಷದಲ್ಲಿ ಕೈಕಾಲು ಹೇಳಿದ ಮಾತು ಕೇಳುವುದಿಲ್ಲ. ಮೊಣಕಾಲು, ಸೊಂಟ, ಎದೆ ಎಂದು ನಿಧಾನಕ್ಕೆ ಇಳಿಯಿರಿ. ನೀರು ಎಷ್ಟು ತಿಳಿಯೆಂದರೆ ತಳದ ಕಲ್ಲು ಕೈಗೆಟುಕುವಂತೆ ಕಾಣುತ್ತದೆ; ಎಟುಕುವುದಿಲ್ಲ. ಟಾಹೋದ ಗರಿಷ್ಠ ಆಳ 501 ಮೀಟರ್.

ಕಯಾಕ್, ಪ್ಯಾಡಲ್ ಬೋರ್ಡ್ ಇದ್ದವರು ಬೆಳಿಗ್ಗೆ 7ಕ್ಕೆ ಇಳಿದು 11ರೊಳಗೆ ಮೇಲೆ ಬನ್ನಿ. ಮಧ್ಯಾಹ್ನ ನೈಋತ್ಯದಿಂದ ಗಾಳಿ ಏಳುತ್ತದೆ. ನೀವಿರುವುದು ಪಶ್ಚಿಮ ದಡ. ಮರಗಳ ಮರೆಯಲ್ಲಿ ದಡದ ಹತ್ತಿರ ನೀರು ಶಾಂತವಾಗಿಯೇ ಕಾಣುತ್ತದೆ, ನೂರು ಗಜ ಆಚೆ ಹೋದಿರೋ ಗಾಳಿ ನಿಮ್ಮನ್ನು ಪೂರ್ವ ದಡದ ನೆವಾಡಾ ಕಡೆಗೆ ತಳ್ಳುತ್ತದೆ. ದೂರದ ನೀರಿನ ಮೇಲೆ ಬಿಳಿ ನೊರೆ ಕಂಡ ಕೂಡಲೇ ದಡಕ್ಕೆ ತಿರುಗಿಸಿ. ತಲೆಗೊಂದು ಲೈಫ್ ಜಾಕೆಟ್ ಕಾನೂನು, ಪ್ಯಾಡಲ್ ಬೋರ್ಡಿಗೂ. ದೋಣಿಯಲ್ಲಿ 13 ವರ್ಷದೊಳಗಿನ ಮಕ್ಕಳು ಅದನ್ನು ತೊಟ್ಟಿರಲೇಬೇಕು.

ಇನ್ನೊಂದು ಮಾತು ಮನೆಯಲ್ಲೇ ಮುಗಿಸಬೇಕಾದದ್ದು. ಸ್ಯಾಕ್ರಮೆಂಟೋ ಸ್ಯಾನ್ ಹ್ವಾಕಿನ್ ಡೆಲ್ಟಾದಲ್ಲಿ 2024ರಲ್ಲಿ ಗೋಲ್ಡನ್ ಮಸಲ್ ಎಂಬ, ಹೊರಗಿಂದ ಬಂದು ಹಾವಳಿ ಮಾಡುವ ಚಿಪ್ಪುಜೀವಿ ಪತ್ತೆಯಾಗಿದೆ. ಹೋದ ವಾರ ಡೆಲ್ಟಾದಲ್ಲಿ ಆಡಿದ ದೋಣಿ ಒದ್ದೆಯಾಗಿಯೇ ಟಾಹೋಗೆ ಬಂದರೆ ಅದೂ ಬರುತ್ತದೆ. ತೊಳೆದು, ನೀರು ಬಸಿದು, ಪೂರ್ತಿ ಒಣಗಿಸಿಯೇ ತನ್ನಿ. ಮೋಟಾರ್ ದೋಣಿಗೆ ತಪಾಸಣೆ ಕಡ್ಡಾಯ.

## ಹಂತ 8: ನಡಿಗೆ

ಮೊದಲ ದಿನ ಬೇಡ. ಎತ್ತರಕ್ಕೆ ಕೆಲವರಿಗೆ ತಲೆನೋವು, ನಿದ್ದೆಗೇಡು ಸಾಮಾನ್ಯ. ನೀರು ಕುಡಿಯುತ್ತಾ ಇರಿ. ಎರಡನೇ ದಿನ ಜನರಲ್ ಕ್ರೀಕ್ ಸುತ್ತು ಹೋಗಿ, ಸುಮಾರು 5 ಮೈಲಿ, ಬಹುಪಾಲು ಸಮತಟ್ಟು, ಹಿರಿಯರೂ ಅರ್ಧದಷ್ಟು ಹೋಗಿ ಬರಬಹುದು. ಸೈಕಲ್ ತಂದವರಿಗೆ ಟಾಹೋ ಸಿಟಿವರೆಗೆ ಬಹುಪಾಲು ಪ್ರತ್ಯೇಕ ಹಾದಿ ಇದೆ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡುವಂತಿಲ್ಲ, ಅಂತ್ಯಾಕ್ಷರಿ ಒಂಬತ್ತೂವರೆಗೇ ನಿಲ್ಲಲಿ.

## ಹಂತ 9: ಹೊರಡುವ ಬೆಳಿಗ್ಗೆ

ಸೈಟು ಬಿಡಬೇಕಾದದ್ದು ಮಧ್ಯಾಹ್ನ 12ಕ್ಕೆ. ಬಂದಾಗಿನ ಸರದಿಯನ್ನು ತಿರುಗಿಸಿ: ಮೊದಲು ಹಾಸಿಗೆ, ಆಮೇಲೆ ಟೆಂಟ್, ಕೊನೆಗೆ ಕರಡಿ ಪೆಟ್ಟಿಗೆ. ತಿಂಡಿ ಮುಗಿಯಿತೆಂದು ಪೆಟ್ಟಿಗೆಯನ್ನು ಮೊದಲೇ ಖಾಲಿ ಮಾಡಿ ಡಿಕ್ಕಿಗೆ ತುಂಬಿ, ಬಾಗಿಲು ತೆರೆದಿಟ್ಟು ಟೆಂಟ್ ಮಡಿಸುತ್ತಾ ನಿಲ್ಲಬೇಡಿ. ಇಬ್ಬನಿಗೆ ಟೆಂಟ್ ಒದ್ದೆಯಿದ್ದರೆ ಮನೆ ತಲುಪಿದ ಸಂಜೆಯೇ ಬಿಚ್ಚಿ ಒಣಹಾಕಿ, ಇಲ್ಲದಿದ್ದರೆ ಮುಂದಿನ ವರ್ಷ ಬೂಷ್ಟು ಹಿಡಿದಿರುತ್ತದೆ. ಮಕ್ಕಳ ಕೈಗೆ ಒಂದೊಂದು ಚೀಲ ಕೊಟ್ಟು ಸೈಟಿನಲ್ಲಿ ಬಿದ್ದ ದಾರದ ತುಂಡು, ಬಾಟ್ಲಿ ಮುಚ್ಚಳ ಆರಿಸಲು ಹೇಳಿ. ಕೊನೆಗೆ ಟಾರ್ಚ್ ಹಿಡಿದು ಪೆಟ್ಟಿಗೆಯ ಹಿಂದಿನ ಮೂಲೆ ನೋಡಿ, ಅದು ಕತ್ತಲಗೂಡು. ಕುಕ್ಕರ್ ವೆಯಿಟ್ ಕುಕ್ಕರಿನೊಳಗೇ ಇಡಿ ಎಂದು ಮೇಲೆ ಅಷ್ಟು ಒತ್ತಿ ಹೇಳಿದ್ದೇಕೆಂದರೆ, ನಮ್ಮದು ಅದೇ ಮೂಲೆಯಲ್ಲಿ ಉಳಿದುಹೋಯಿತು.